ಟ್ರಂಕಿನಲ್ಲಿರುವ ರೆಕಾರ್ಡು ನೋಡಿ ಟರ್ನ್‌ಟೇಬಲ್ ಕೊಳ್ಳಿ: ಕೇಳಲಿಕ್ಕೂ ಕಂಪ್ಯೂಟರಿಗೆ ಇಳಿಸಲಿಕ್ಕೂ ಒಂದು ಮಾರ್ಗದರ್ಶಿ

"ಅಪ್ಪನ ಕಾಲದ ರೆಕಾರ್ಡುಗಳು ಒಂದು ಟ್ರಂಕ್ ತುಂಬ ಇವೆ. ಮತ್ತೆ ಕೇಳಬೇಕು, ಮೊಬೈಲಿಗೂ ಹಾಕಿಕೊಳ್ಳಬೇಕು. ಹೆಚ್ಚು ದುಡ್ಡು ಸುರಿಯದೆ ಯಾವ ಪ್ಲೇಯರ್ ತೆಗೆದುಕೊಳ್ಳಲಿ?" ಈ ಪ್ರಶ್ನೆಯನ್ನು ಓದುಗರು ವರ್ಷವಿಡೀ ಕೇಳುತ್ತಾರೆ. ಜೊತೆಗೆ ಆನ್‌ಲೈನ್ ಅಂಗಡಿಯಲ್ಲಿ ಕಂಡ ಸೂಟ್‌ಕೇಸ್ ಪ್ಲೇಯರೊಂದರ ಚಿತ್ರ ಕಳಿಸಿ "ಇದು ಸಾಕಲ್ಲವೇ?" ಎನ್ನುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಪ್ಲೇಯರ್ ಆರಿಸುವಾಗ ಹೆಚ್ಚಿನವರು ನೋಡುವುದು ಯುಎಸ್‌ಬಿ ಇದೆಯೇ, ಬ್ಲೂಟೂತ್ ಇದೆಯೇ ಎಂದು. ನೋಡಬೇಕಾದ್ದು ಮುಳ್ಳನ್ನು. ಇಡೀ ಯಂತ್ರದಲ್ಲಿ ಹಾಡಿಗೆ ತಾಗುವುದು ಅದೊಂದೇ. ಮುಳ್ಳು ಸರಿಯಾದ ಅಳತೆಯದಾಗಿ, ಸರಿಯಾದ ಭಾರದಲ್ಲಿ ಕೂತರೆ ಐವತ್ತು ವರ್ಷ ಹಳೆಯ ತಟ್ಟೆಯೂ ಚೆನ್ನಾಗಿ ಹಾಡುತ್ತದೆ. ಇಲ್ಲದಿದ್ದರೆ ಹಾಡುತ್ತ ಹಾಡುತ್ತಲೇ ಸವೆಯುತ್ತದೆ. ಯಾವ ಮುಳ್ಳು ಬೇಕೆನ್ನುವುದನ್ನು ಹೇಳುವುದು ನಿಮ್ಮ ಟ್ರಂಕು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಅದನ್ನು ಬಿಚ್ಚಿ.

ಹಂತ 1: ನಿಮ್ಮಲ್ಲಿರುವುದನ್ನು ವಿಂಗಡಿಸಿ

ರೆಕಾರ್ಡುಗಳನ್ನು ಮೂರು ಗುಂಪು ಮಾಡಿ.

ಮೊದಲನೆಯದು 78. ಸಾಮಾನ್ಯವಾಗಿ 10 ಇಂಚು ಅಗಲ, ಕೈಯಲ್ಲಿ ಭಾರ, ದಪ್ಪ ಅಂಚು. ನಿಮಿಷಕ್ಕೆ 78 ಸುತ್ತು, ಬದಿಗೆ ಮೂರು ನಿಮಿಷದ ಆಸುಪಾಸು ಹಾಡು. ಇವು ಪ್ಲಾಸ್ಟಿಕ್ಕಿನವಲ್ಲ, ಅರಗಿನಿಂದ ಮಾಡಿದವು. ಕೈಜಾರಿದರೆ ಹಂಚಿನ ಹಾಗೆ ಒಡೆಯುತ್ತವೆ. ಅಮೆರಿಕದಲ್ಲಿ ಎಲ್‌ಪಿ (ಕೆಳಗೆ ಹೇಳುವ ಮೂರನೆಯ ಗುಂಪು) 1948ರಲ್ಲೇ ಬಂದರೂ ನಮ್ಮಲ್ಲಿ 78ರ ತಟ್ಟೆಗಳು 1960ರ ದಶಕದಲ್ಲೂ ಮಾರಾಟವಾಗುತ್ತಿದ್ದವು. ಆದ್ದರಿಂದ ನಾಟಕದ ಹಾಡು, ಪಿ. ಕಾಳಿಂಗರಾಯರ ಭಾವಗೀತೆ, 1950ರ ದಶಕದ ಚಿತ್ರಗೀತೆ ಇವೆಲ್ಲ ನಿಮ್ಮ ಮನೆಯಲ್ಲಿದ್ದರೆ ಹೆಚ್ಚಾಗಿ ಈ ರೂಪದಲ್ಲಿರುತ್ತವೆ.

ಎರಡನೆಯದು 7 ಇಂಚಿನ ಚಿಕ್ಕ ತಟ್ಟೆ. ಹೆಚ್ಚಿನವು 45ರ ವೇಗದವು, ನಾವು ಇಪಿ ಎನ್ನುವುದು ಇವನ್ನೇ. ಕನ್ನಡ ಸಿನಿಮಾ ಹಾಡುಗಳ ದೊಡ್ಡ ಪಾಲು ಇವುಗಳಲ್ಲಿದೆ. ಮೂರನೆಯದು 12 ಇಂಚಿನ ಎಲ್‌ಪಿ. 33⅓ ವೇಗ, ಬದಿಗೆ ಇಪ್ಪತ್ತು ನಿಮಿಷದ ಮೇಲೆ ಕೆಳಗೆ. ಈ ಎರಡೂ ವಿನೈಲ್, ಅಂದರೆ ಪಿವಿಸಿ ಪ್ಲಾಸ್ಟಿಕ್. ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರೆ ಮಂದ ಸದ್ದು ಬರುತ್ತದೆ. 78ರ ತಟ್ಟೆ ಗಾಜಿನ ತಟ್ಟೆಯ ಹಾಗೆ ಗಟ್ಟಿ ಸದ್ದು ಮಾಡುತ್ತದೆ.

ಈಗ ಎಣಿಸಿ ಬರೆದಿಡಿ: 78 ಎಷ್ಟು, ಇಪಿ ಎಷ್ಟು, ಎಲ್‌ಪಿ ಎಷ್ಟು. ಈ ಮೂರು ಅಂಕಿಗಳೇ ನಿಮ್ಮ ಬಜೆಟ್ ತೀರ್ಮಾನಿಸುತ್ತವೆ. ಜೊತೆಗೆ ಬೇರೆಲ್ಲೂ ಸಿಗದವು ಯಾವುವೆಂದು ಗುರುತು ಮಾಡಿ. ಜನಪ್ರಿಯ ಚಿತ್ರಗೀತೆಯ ಎಲ್‌ಪಿಯನ್ನು ಕಷ್ಟಪಟ್ಟು ಇಳಿಸಿಕೊಳ್ಳುವುದಕ್ಕಿಂತ ಅದೇ ಹಾಡಿನ ಅಧಿಕೃತ ಡಿಜಿಟಲ್ ಪ್ರತಿ ಕೇಳುವುದು ಲೇಸು. ನಿಮ್ಮ ಶ್ರಮ ಸಲ್ಲಬೇಕಾದ್ದು ಮತ್ತೆ ಹೊರಬರದ ಹರಿಕಥೆಗೆ, ನಾಟಕಕ್ಕೆ, ಮರೆತುಹೋದ ಗಾಯಕರಿಗೆ.

ಹಂತ 2: ಅಂಗಡಿಯವರ ಮಾತು ಅರ್ಥವಾಗಲು ಬೇಕಾದ ಪದಗಳು

ಗ್ರೂವ್: ತಟ್ಟೆಯ ಹೊರ ಅಂಚಿನಿಂದ ಒಳಕ್ಕೆ ಸುತ್ತಿಕೊಂಡು ಹೋಗುವ ಸಣ್ಣ ಕಾಲುವೆ. ಅದರ ಗೋಡೆಯ ಏರಿಳಿತವೇ ಹಾಡು.

ಸ್ಟೈಲಸ್: ನಾವು ಮುಳ್ಳು, ನೀಡಲ್ ಎನ್ನುವುದು. ತುದಿಯ ಅಳತೆಯನ್ನು ಮಿಲ್‌ನಲ್ಲಿ ಹೇಳುತ್ತಾರೆ. ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಎಲ್‌ಪಿ ಮತ್ತು ಇಪಿಗೆ ಸುಮಾರು 0.7 ಮಿಲ್, 78ಕ್ಕೆ ಸುಮಾರು 3 ಮಿಲ್. ಒಂದಕ್ಕಿಂತ ಇನ್ನೊಂದು ನಾಲ್ಕು ಪಟ್ಟು ದಪ್ಪ ಎನ್ನುವುದನ್ನು ಇಲ್ಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಕಾರ್ಟ್ರಿಡ್ಜ್: ಮುಳ್ಳನ್ನು ಹಿಡಿದಿರುವ ಪುಟ್ಟ ಡಬ್ಬಿ. ಮುಳ್ಳಿನ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಅಗ್ಗದ ಪ್ಲೇಯರುಗಳಲ್ಲಿರುವುದು ಸೆರಾಮಿಕ್. ನಿಮಗೆ ಬೇಕಾದ್ದು ಮೂವಿಂಗ್ ಮ್ಯಾಗ್ನೆಟ್, ಚಿಕ್ಕದಾಗಿ ಎಂಎಂ. ಇದು ತಟ್ಟೆಯ ಮೇಲೆ ತೀರ ಹಗುರವಾಗಿ ಕೂರುತ್ತದೆ.

ಟ್ರ್ಯಾಕಿಂಗ್ ಫೋರ್ಸ್: ಮುಳ್ಳು ತಟ್ಟೆಯ ಮೇಲೆ ಹೇರುವ ಭಾರ, ಗ್ರಾಂ ಲೆಕ್ಕದಲ್ಲಿ.

ಫೋನೋ ಪ್ರಿಆಂಪ್: ಎಂಎಂ ಕಾರ್ಟ್ರಿಡ್ಜ್ ಕೊಡುವುದು ಕೆಲವೇ ಮಿಲಿವೋಲ್ಟ್. ಅದನ್ನು ಸಾಮಾನ್ಯ ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ ನೇರ ಕೊಟ್ಟರೆ ಪಿಸುಮಾತಿನಷ್ಟು ಕೇಳುತ್ತದೆ, ಅದೂ ಕೀರಲಾಗಿ. ಏಕೆಂದರೆ ತಟ್ಟೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತಿರುತ್ತಾರೆ. 1950ರ ದಶಕದ ನಡುವಿನಿಂದ ಈ ಲೆಕ್ಕಕ್ಕೆ ಆರ್‌ಐಎಎ ಎಂಬ ಒಂದೇ ಮಾನಕ ಬಂತು. ಪ್ರಿಆಂಪ್ ಸದ್ದನ್ನು ಹೆಚ್ಚಿಸುವುದರ ಜೊತೆಗೆ ಈ ಏರುಪೇರನ್ನೂ ಸರಿಮಾಡುತ್ತದೆ. ಇಂದಿನ ಕೈಗೆಟಕುವ ಟರ್ನ್‌ಟೇಬಲ್‌ಗಳಲ್ಲಿ ಅನೇಕಕ್ಕೆ ಇದು ಒಳಗೇ ಇರುತ್ತದೆ, ಹಿಂಬದಿಯಲ್ಲಿ ಫೋನೋ (ಒಳಗಿನ ಪ್ರಿಆಂಪ್ ಬಿಟ್ಟು), ಲೈನ್ (ಅದನ್ನು ಬಳಸಿ) ಎಂಬ ಸ್ವಿಚ್ಚೂ ಇರುತ್ತದೆ.

ಹಂತ 3: ಯಾವುದನ್ನು ಕೊಳ್ಳಬೇಕು

ಸೂಟ್‌ಕೇಸ್ ಪ್ಲೇಯರಿನ ಪ್ರಶ್ನೆಗೆ ಉತ್ತರ: ಬೇಡ. ನೋಡಲು ಚೆಂದ, ಸ್ಪೀಕರ್ ಒಳಗೇ ಇದೆ, ಬೆಲೆ ಕಡಿಮೆ, ಎಲ್ಲ ನಿಜ. ಆದರೆ ಅದರ ಸೆರಾಮಿಕ್ ಕಾರ್ಟ್ರಿಡ್ಜ್ 5 ಗ್ರಾಂ ಅಥವಾ ಅದಕ್ಕೂ ಹೆಚ್ಚು ಭಾರ ಹೇರುತ್ತದೆ, ಆ ಭಾರವನ್ನು ಇಳಿಸಲು ದಾರಿಯಿಲ್ಲ. ಒಳ್ಳೆಯ ಎಂಎಂ ಕಾರ್ಟ್ರಿಡ್ಜ್ 2ರಿಂದ 3 ಗ್ರಾಂನಲ್ಲೇ ಕೆಲಸ ಮಾಡುತ್ತದೆ. ಸ್ಪೀಕರ್ ಅದೇ ಪೆಟ್ಟಿಗೆಯಲ್ಲಿರುವುದರಿಂದ ಅದರ ಕಂಪನ ಮುಳ್ಳಿಗೇ ಮರಳುತ್ತದೆ. ಇನ್ನೂ ಒಂದು ಮೋಸ ಹೋಗುವ ಜಾಗ: ಇವುಗಳಲ್ಲಿ 78ರ ವೇಗದ ಗುಂಡಿ ಇರುತ್ತದೆ, ಆದರೆ ಮುಳ್ಳು ಎಲ್‌ಪಿಯದು. ಆ ಸಣ್ಣ ಮುಳ್ಳು 78ರ ಅಗಲ ಕಾಲುವೆಯ ತಳಕ್ಕೆ ಇಳಿದು ಕಸವನ್ನು ಗೀಚುತ್ತ ಹೋಗುತ್ತದೆ. ನಿಮಗೆ ಕೇಳುವುದು ಚರಚರ ಸದ್ದು, ಹಾಡು ಎಲ್ಲೋ ಹಿಂದೆ. "78 ಎಲ್ಲ ಹಾಳಾಗಿವೆ" ಎಂದು ಎಷ್ಟೋ ಮನೆಯವರು ತಟ್ಟೆ ಗುಜರಿಗೆ ಹಾಕಿರುವುದು ಇದೇ ಕಾರಣಕ್ಕೆ. ಹಾಳಾದದ್ದು ತಟ್ಟೆಯಲ್ಲ, ಮುಳ್ಳು ಅದಕ್ಕೆ ಸೇರಿದ್ದಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

*ನಿಮ್ಮಲ್ಲಿ ಎಲ್‌ಪಿ, ಇಪಿ ಮಾತ್ರ ಇದ್ದರೆ:* ಆಡಿಯೋ-ಟೆಕ್ನಿಕಾದ ಎಟಿ-ಎಲ್‌ಪಿ60ಎಕ್ಸ್‌ಯುಎಸ್‌ಬಿ ಅಥವಾ ಸೋನಿಯ ಪಿಎಸ್-ಎಲ್‌ಎಕ್ಸ್310ಬಿಟಿ ಸಾಕು. ಎರಡೂ ಪೂರ್ತಿ ಸ್ವಯಂಚಾಲಿತ: ಗುಂಡಿ ಒತ್ತಿದರೆ ಮುಳ್ಳು ಹಿಡಿದ ತೋಳು ತಾನೇ ಹೋಗಿ ಕೂರುತ್ತದೆ, ಹಾಡು ಮುಗಿದರೆ ತಾನೇ ಮರಳುತ್ತದೆ. ಕೈನಡುಗುವ ಹಿರಿಯರಿರುವ ಮನೆಗೆ ಇದು ದೊಡ್ಡ ಅನುಕೂಲ. ಪ್ರಿಆಂಪ್ ಒಳಗೇ ಇದೆ, ಯುಎಸ್‌ಬಿಯೂ ಇದೆ. ಕೊರತೆಯೆಂದರೆ ಮುಳ್ಳಿನ ಭಾರವನ್ನು ನಾವು ಹೊಂದಿಸಲಾಗದು, ಕಾರ್ಖಾನೆಯಲ್ಲಿ ಇಟ್ಟದ್ದೇ ಕೊನೆ. 78ರ ವೇಗವೂ ಇಲ್ಲ. ಎಲ್‌ಪಿ60ಎಕ್ಸ್ ಕೊಳ್ಳುವಾಗ ಹೆಸರಿನ ಕೊನೆಯಲ್ಲಿ ಯುಎಸ್‌ಬಿ ಇದೆಯೇ ನೋಡಿ. ಅದೇ ರೂಪದ, ಯುಎಸ್‌ಬಿ ಇಲ್ಲದ ಮಾದರಿಗಳೂ ಇವೆ.

*78 ಕೂಡ ಸಾಕಷ್ಟಿದ್ದರೆ:* ಮೂರು ವೇಗ, ಬಿಚ್ಚಿ ಬದಲಿಸಬಹುದಾದ ಮುಳ್ಳು, ಹೊಂದಿಸಬಹುದಾದ ಭಾರ, ಈ ಮೂರೂ ಬೇಕು. ಆಡಿಯೋ-ಟೆಕ್ನಿಕಾದ ಎಟಿ-ಎಲ್‌ಪಿ120ಎಕ್ಸ್‌ಯುಎಸ್‌ಬಿ ಇದಕ್ಕೆ ಹೊಂದುತ್ತದೆ. ಮೊದಲಿನವುಗಳ ಬೆಲೆಗಿಂತ ಸುಮಾರು ಎರಡು ಪಟ್ಟು ಇಡಬೇಕಾಗುತ್ತದೆ. ಇದರ ಜೊತೆ ಬರುವ ವಿಎಂ95ಇ ಕಾರ್ಟ್ರಿಡ್ಜ್ 2 ಗ್ರಾಂನಲ್ಲಿ ಎಲ್‌ಪಿ ನುಡಿಸುತ್ತದೆ. ಅದೇ ಸಾಲಿನಲ್ಲಿ 78ಕ್ಕೆಂದೇ 3 ಮಿಲ್ ಮುಳ್ಳು ಪ್ರತ್ಯೇಕವಾಗಿ ಸಿಗುತ್ತದೆ, ಹೆಸರು ಎಸ್‌ಪಿಯಿಂದ ಮುಗಿಯುತ್ತದೆ. ಮುಳ್ಳಿನ ಪ್ಲಾಸ್ಟಿಕ್ ಹಿಡಿಯನ್ನು ಎಳೆದು ಇದನ್ನು ಸಿಕ್ಕಿಸಿದರಾಯಿತು, ಕಾರ್ಟ್ರಿಡ್ಜ್ ಬದಲಿಸಬೇಕಿಲ್ಲ. ಅದಕ್ಕೆ ಬೇಕಾದ ಭಾರ ಸುಮಾರು 5 ಗ್ರಾಂ. ಅರಗಿನ ತಟ್ಟೆ ಗಟ್ಟಿಯಾದ್ದರಿಂದ ಈ ಭಾರವನ್ನು ತಡೆದುಕೊಳ್ಳುತ್ತದೆ. ಆದರೆ ಈ ದಪ್ಪ ಮುಳ್ಳನ್ನು ಮರೆತು ಕೂಡ ಎಲ್‌ಪಿಯ ಮೇಲೆ ಇಳಿಸಬೇಡಿ. ಒಂದೇ ಸಲಕ್ಕೆ ಗ್ರೂವ್ ಕೆಡುತ್ತದೆ, ಮತ್ತೆ ಸರಿಯಾಗುವುದಿಲ್ಲ. ಎರಡು ಮುಳ್ಳುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಮೇಲೆ ದೊಡ್ಡದಾಗಿ ಬರೆಯಿರಿ.

*78 ಐದೋ ಹತ್ತೋ ಮಾತ್ರ ಇದ್ದರೆ:* ಅವಕ್ಕಾಗಿ ಎರಡು ಪಟ್ಟು ಖರ್ಚು ಮಾಡಬೇಡಿ. ಸರಿಯಾದ ಮುಳ್ಳಿರುವ ಸಂಗ್ರಾಹಕರೊಬ್ಬರನ್ನು ಹುಡುಕಿ, ಎದುರಿಗೆ ಕೂತು ಇಳಿಸಿಕೊಳ್ಳಿ. ಒಂದು ಮಧ್ಯಾಹ್ನದ ಕೆಲಸ.

*ಕೇಳುವುದೇ ಮುಖ್ಯ, ಇಳಿಸುವುದು ಅಪರೂಪ ಎಂದಾದರೆ:* ರೇಗಾ ಪ್ಲಾನರ್ 1ರಂಥ, ಯುಎಸ್‌ಬಿ ಇಲ್ಲದ ಸರಳ ಟರ್ನ್‌ಟೇಬಲ್ ಯೋಚಿಸಬಹುದು. ಖರ್ಚೆಲ್ಲ ತೋಳಿಗೆ ಮತ್ತು ಬೇರಿಂಗಿಗೆ ಸಂದಿರುತ್ತದೆ. ಪ್ರಿಆಂಪ್ ಬೇರೆ ಕೊಳ್ಳಬೇಕು, 45ಕ್ಕೆ ಹೋಗಲು ಬೆಲ್ಟನ್ನು ಕೈಯಿಂದ ಸರಿಸಬೇಕು. ಮುಕ್ಕಾಲು ಪಾಲು ಇಪಿ ಇರುವವರಿಗೆ ಇದು ಬೇಸರದ ಕೆಲಸ.

ಬಜೆಟ್ ಮಾಡುವಾಗ ಸ್ಪೀಕರ್ ಅಥವಾ ಹೆಡ್‌ಫೋನ್, ಒಂದು ಹೆಚ್ಚುವರಿ ಮುಳ್ಳು, ಧೂಳು ತೆಗೆಯುವ ಒಂದು ಕಾರ್ಬನ್ ಬ್ರಷ್, ಮುಳ್ಳಿನ ಭಾರ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ, ಇವನ್ನೂ ಸೇರಿಸಿ. ಕೊನೆಯ ಎರಡು ಕೆಲವು ನೂರು ರೂಪಾಯಿಗೆ ಸಿಗುತ್ತವೆ.

ಹಂತ 4: ಹಳೆಯದನ್ನು ಅಥವಾ ವಿದೇಶದಿಂದ ತರುವುದಾದರೆ

ಬೆಂಗಳೂರಿನ ಸಂಡೇ ಬಜಾರಿನಲ್ಲಿ, ಗುಜರಿ ಅಂಗಡಿಗಳಲ್ಲಿ ಹಳೆಯ ಎಚ್‌ಎಂವಿ, ಫಿಲಿಪ್ಸ್ ಪ್ಲೇಯರುಗಳು, ಗ್ಯಾರಾರ್ಡ್ ಮತ್ತು ಬಿಎಸ್‌ಆರ್ ಚೇಂಜರುಗಳು (ಒಂದಾದ ಮೇಲೊಂದು ತಟ್ಟೆ ತಾನೇ ಹಾಕುವ ಪ್ಲೇಯರುಗಳು) ಇವತ್ತಿಗೂ ಕಾಣುತ್ತವೆ. ತಿರುಗುತ್ತದೆ ಎಂದ ಮಾತ್ರಕ್ಕೆ ಕೊಳ್ಳಬೇಡಿ. ತಟ್ಟೆಯನ್ನು ತಿರುಗಿಸುವ ರಬ್ಬರ್ ಗಾಲಿ ದಶಕಗಳಲ್ಲಿ ಕಲ್ಲಾಗಿರುತ್ತದೆ, ಅದರ ಗುಡುಗುಡು ಸದ್ದು ರೆಕಾರ್ಡಿಂಗಿನಲ್ಲಿ ಬರುತ್ತದೆ. ಮುಳ್ಳು ಸಿಗುವುದು ಕಷ್ಟ. ಕೀಲಿ ಕೊಡುವ ಕೊಂಬಿನ ಗ್ರಾಮಫೋನಿನಲ್ಲಂತೂ ಉಕ್ಕಿನ ಮುಳ್ಳು ಇಷ್ಟು ಭಾರ ಹೇರುತ್ತದೆಂದರೆ ಅದರಲ್ಲಿ ಎಲ್‌ಪಿ ಇಟ್ಟರೆ ಮುಗಿದಂತೆ. ಅದು 78ಕ್ಕೆ ಮಾತ್ರ, ಅದೂ ಪ್ರತಿ ಬದಿಗೆ ಹೊಸ ಮುಳ್ಳು ಹಾಕಿ.

ಅಮೆರಿಕದಲ್ಲಿರುವ ಮಕ್ಕಳು ಅಲ್ಲಿಂದ ಹಳೆಯ ಟರ್ನ್‌ಟೇಬಲ್ ತರುವುದು ಈಗ ಸಾಮಾನ್ಯವಾಗಿದೆ. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. ಕರೆಂಟಿನ ಹರ್ಟ್ಸನ್ನು ನೆಚ್ಚಿ ತಿರುಗುವ ಹಳೆಯ ಎಸಿ ಮೋಟಾರಾದರೆ 33⅓ರ ಬದಲು ನಿಮಿಷಕ್ಕೆ ಸುಮಾರು 28 ಸುತ್ತು ತಿರುಗುತ್ತದೆ. ಲತಾ ಮಂಗೇಶ್ಕರ್ ಗಂಡುದನಿಯಲ್ಲಿ ಹಾಡಿದಂತೆ ಕೇಳುತ್ತದೆ. ಇಂದಿನ ಟರ್ನ್‌ಟೇಬಲ್‌ಗಳಲ್ಲಿ ಹೆಚ್ಚಿನವು ಅಡಾಪ್ಟರಿನಿಂದ ಡಿಸಿ ಪಡೆಯುವುದರಿಂದ ಈ ತೊಂದರೆಯಿಲ್ಲ. ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದಿದೆಯೇ ನೋಡಿಯೇ ಪ್ಲಗ್ ಹಾಕಿ. 120 ಎಂದಷ್ಟೇ ಇದ್ದರೆ ಸುಟ್ಟುಹೋಗುತ್ತದೆ.

ಹಂತ 5: ಕಂಪ್ಯೂಟರಿಗೆ ಸೇರಿಸುವ ದಾರಿ

ಯುಎಸ್‌ಬಿ ಇರುವ ಟರ್ನ್‌ಟೇಬಲ್ ಆದರೆ ಒಂದು ತಂತಿ ಸಾಕು, ಕಂಪ್ಯೂಟರ್ ಅದನ್ನು ಮೈಕ್ರೊಫೋನಿನ ಹಾಗೆ ಗುರುತಿಸುತ್ತದೆ. "ಅದು 16 ಬಿಟ್ ಮಾತ್ರವಂತೆ, ಕಡಿಮೆಯಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಬಿಟ್ ಎಂದರೆ ಸದ್ದಿನ ಅತಿ ಸಣ್ಣದರಿಂದ ಅತಿ ದೊಡ್ಡದರವರೆಗೆ ಎಷ್ಟು ನಯವಾಗಿ ಅಳೆಯುತ್ತೇವೆ ಎನ್ನುವ ಲೆಕ್ಕ. ತಟ್ಟೆಯದೇ ಸುಸು ಸದ್ದು 16 ಬಿಟ್ಟಿನ ಮಿತಿಗಿಂತ ಬಹಳ ಮೇಲಿರುತ್ತದೆ. ಮನೆಯ ಬಳಕೆಗೆ ಅದು ಧಾರಾಳ. ಅಪರೂಪದ ಸಂಗ್ರಹವಿದ್ದು ಮುಂದೆ ಯಾವುದಾದರೂ ಸಂಗ್ರಹಾಲಯಕ್ಕೆ ಕೊಡುವ ಯೋಚನೆಯಿದ್ದರೆ ಮಾತ್ರ 24 ಬಿಟ್ಟಿನ ಆಡಿಯೋ ಇಂಟರ್‌ಫೇಸ್ (ಸದ್ದನ್ನು ಅಂಕಿಗಳಾಗಿ ಬದಲಿಸಿ ಕಂಪ್ಯೂಟರಿಗೆ ಕೊಡುವ ಡಬ್ಬಿ) ಬೇರೆ ಕೊಳ್ಳಿ. ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘದ ಶಿಫಾರಸು ಕನಿಷ್ಠ 48 ಕಿಲೋಹರ್ಟ್ಸ್ (ಅಂದರೆ ಸೆಕೆಂಡಿಗೆ 48 ಸಾವಿರ ಸಲ ಸದ್ದನ್ನು ಅಳೆಯುವುದು), 24 ಬಿಟ್.

ಯುಎಸ್‌ಬಿ ಇಲ್ಲದ ಟರ್ನ್‌ಟೇಬಲ್ ಈಗಾಗಲೇ ಮನೆಯಲ್ಲಿದ್ದರೆ ಹೊಸದು ಬೇಡ. ಬೆರಿಂಜರ್ ಯುಎಫ್‌ಒ202ರಂಥ ಪುಟ್ಟ ಡಬ್ಬಿಯಲ್ಲಿ ಫೋನೋ ಪ್ರಿಆಂಪೂ ಯುಎಸ್‌ಬಿಯೂ ಒಟ್ಟಿಗೇ ಇವೆ.

ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಗೆ ನೇರ ಸಿಕ್ಕಿಸುವುದು ಬಹಳ ಜನ ಮಾಡುವ ತಪ್ಪು. ಅಲ್ಲಿನ ಮೈಕ್ ಕಿಂಡಿ ಸಾಮಾನ್ಯವಾಗಿ ಒಂದೇ ಚಾನೆಲ್ಲಿನದು. ಸ್ಟೀರಿಯೋ ಹೋಗುತ್ತದೆ, ಸದ್ದು ಒಡೆಯುತ್ತದೆ. ಇನ್ನೊಂದು ತಪ್ಪು ಎರಡು ಪ್ರಿಆಂಪ್ ಒಂದರ ಹಿಂದೊಂದು ಹಾಕುವುದು. ಟರ್ನ್‌ಟೇಬಲ್ಲಿನ ಸ್ವಿಚ್ ಲೈನ್‌ನಲ್ಲಿದ್ದು, ಅದನ್ನು ಆಂಪ್ಲಿಫೈಯರಿನ ಫೋನೋ ಕಿಂಡಿಗೆ ಕೊಟ್ಟರೆ ಕಿವಿಗಡಚಿಕ್ಕುತ್ತದೆ. ಫೋನೋದಿಂದ ಫೋನೋಗೆ, ಲೈನ್‌ನಿಂದ ಆಕ್ಸ್‌ಗೆ.

ಹಂತ 6: ಕೂರಿಸಿ, ಭಾರ ಹೊಂದಿಸಿ

ಕುಣಿಯದ, ಭಾರವಾದ ಮೇಜಿನ ಮೇಲೆ ಇಡಿ. ಗಾರೆಯವರ ರಸಮಟ್ಟ ಇದ್ದರೆ ಪ್ಲ್ಯಾಟರಿನ (ರೆಕಾರ್ಡು ಕೂರುವ, ತಿರುಗುವ ಭಾಗ) ಮೇಲಿಟ್ಟು ನಾಲ್ಕೂ ದಿಕ್ಕಿಗೆ ಮಟ್ಟ ನೋಡಿ. ಸ್ಪೀಕರ್ ಅದೇ ಮೇಜಿನ ಮೇಲೆ ಬೇಡ.

ಭಾರ ಹೊಂದಿಸುವ ಕ್ರಮ ಹೀಗೆ. ತೋಳಿನ ಹಿಂಬದಿಯ ಗುಂಡನ್ನು ತಿರುಗಿಸುತ್ತ, ತೋಳು ಕೆಳಗೂ ಬೀಳದೆ ಮೇಲೂ ಏಳದೆ ನೆಲಕ್ಕೆ ಸಮನಾಗಿ ತೇಲುವಂತೆ ಮಾಡಿ. ಈಗ ಗುಂಡನ್ನು ಅಲುಗಿಸದೆ ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತನ್ನಿ. ಆಮೇಲೆ ಗುಂಡು, ಬಳೆ ಎರಡನ್ನೂ ಒಟ್ಟಿಗೆ ತಿರುಗಿಸಿ ಕಾರ್ಟ್ರಿಡ್ಜಿಗೆ ಹೇಳಿದ ಭಾರಕ್ಕೆ ಬನ್ನಿ. ತಕ್ಕಡಿಯಿಂದ ಒಮ್ಮೆ ತೂಗಿ ಖಾತ್ರಿ ಮಾಡಿಕೊಳ್ಳಿ. 78ರ ಮುಳ್ಳಿನ 5 ಗ್ರಾಂ ಬಳೆಯ ಅಂಕಿಗಳಾಚೆ ಹೋಗುತ್ತಿದ್ದರೆ ತಕ್ಕಡಿಯೊಂದೇ ದಾರಿ. ಆ್ಯಂಟಿ-ಸ್ಕೇಟ್ ಎಂಬ ಗುಂಡಿ ತೋಳು ಒಳಕ್ಕೆ ಜಾರುವುದನ್ನು ತಡೆಯುತ್ತದೆ. ಎಲ್‌ಪಿಗೆ ಭಾರದ ಅಂಕಿಯನ್ನೇ ಅದಕ್ಕೂ ಇಡಿ.

ಹಗುರವಾದಷ್ಟೂ ಒಳ್ಳೆಯದೆಂದು ಭಾರವನ್ನು ಹೇಳಿದ್ದಕ್ಕಿಂತ ಕಡಿಮೆ ಮಾಡಬೇಡಿ. ಮುಳ್ಳು ಗ್ರೂವಿನಲ್ಲಿ ಹಿಡಿತ ತಪ್ಪಿ ಗೋಡೆಗೋಡೆಗೆ ಬಡಿಯುತ್ತದೆ, ಅದರಿಂದ ಆಗುವ ಹಾನಿ ಹೆಚ್ಚು.

ವೇಗ ನೋಡಲು ಯಂತ್ರ ಬೇಕಿಲ್ಲ. ಪ್ಲ್ಯಾಟರಿನ ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ ಸುತ್ತು ಎಣಿಸಿ: 33⅓ ಸರಿಯಿದ್ದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು.

ಹಂತ 7: ತೊಳೆಯಿರಿ, ಆದರೆ ಎರಡಕ್ಕೂ ಒಂದೇ ಔಷಧ ಬೇಡ

ಈ ಹಂತದಲ್ಲೇ ಹೆಚ್ಚು ರೆಕಾರ್ಡು ಹಾಳಾಗುವುದು. ದಯವಿಟ್ಟು ನಿಧಾನವಾಗಿ ಓದಿ.

78ರ ತಟ್ಟೆಗೆ ಸ್ಪಿರಿಟ್, ಸ್ಯಾನಿಟೈಸರ್, ಐಸೋಪ್ರೊಪೈಲ್ ಆಲ್ಕೋಹಾಲ್ ಯಾವುದನ್ನೂ ಮುಟ್ಟಿಸಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಬಡಗಿಗಳು ಪಾಲಿಶ್ ಮಾಡಲು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದನ್ನು ನೋಡಿದ್ದೀರಲ್ಲ, ಅದೇ ವಸ್ತು ಇದು. ಒರೆಸಿದ ಬಟ್ಟೆಗೆ ಕಪ್ಪು ಬಣ್ಣ ಬಂದಿತೆಂದರೆ ಅದು ಕೊಳೆಯಲ್ಲ, ಹಾಡು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಲೀಟರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಮೈಕ್ರೊಫೈಬರ್ ಬಟ್ಟೆ, ಇಷ್ಟೇ. ನೆನೆಹಾಕಬೇಡಿ, ಬಿರುಕು ಇರುವಲ್ಲಿ ನೀರು ಒಳಗಿಳಿಯುತ್ತದೆ. ಬೇಗ ಒರೆಸಿ, ಸಾದಾ ಡಿಸ್ಟಿಲ್ಡ್ ನೀರಿನಿಂದ ಇನ್ನೊಮ್ಮೆ ಒರೆಸಿ ಒಣಗಿಸಿ.

ವಿನೈಲಿಗೂ ಇದೇ ದ್ರಾವಣ ಸಾಕು. ಗ್ರೂವ್ ಸುತ್ತುವ ದಿಕ್ಕಿನಲ್ಲೇ ಒರೆಸಿ, ಅಡ್ಡಕ್ಕೆ ಬೇಡ. ನಡುವಿನ ಲೇಬಲ್ ನೆನೆಯದಂತೆ ನೋಡಿಕೊಳ್ಳಿ. ನಲ್ಲಿ ನೀರು ಬೇಡ, ಬೋರ್‌ವೆಲ್ ನೀರಂತೂ ಖಂಡಿತ ಬೇಡ. ಅದರ ಸುಣ್ಣ ಒಣಗಿ ಗ್ರೂವಿನಲ್ಲೇ ಕೂತು ಚಟಚಟ ಎನ್ನುತ್ತದೆ. ಕೊಬ್ಬರಿ ಎಣ್ಣೆ ಸವರಿದರೆ ಹೊಳಪು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಧೂಳನ್ನು ಅಂಟಿಸಿಕೊಳ್ಳುತ್ತದೆ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲ ಕಳೆದ ಮೇಲೆ ತಟ್ಟೆಗೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಮೂಗಿಗೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಒಣ ಬ್ರಷ್ಷಿನಿಂದ ಮೊದಲು ಉದುರಿಸಿ, ಆಮೇಲೆ ತೊಳೆಯಿರಿ. ಹಳೆಯ ಒಳಚೀಲಕ್ಕೆ ಮತ್ತೆ ಹಾಕಿದರೆ ಬೂಷ್ಟು ಮತ್ತೆ ಬರುತ್ತದೆ, ಹೊಸ ಕಾಗದದ ಚೀಲ ಬಳಸಿ. ಒಣಗಲೆಂದು ಬಿಸಿಲಿಗೆ ಇಟ್ಟರೆ ವಿನೈಲ್ ಹಪ್ಪಳದಂತೆ ಸೊಟ್ಟಗಾಗುತ್ತದೆ. ನೆರಳಿನಲ್ಲಿ, ನಿಲ್ಲಿಸಿ ಒಣಗಿಸಿ.

ಹಂತ 8: ರೆಕಾರ್ಡಿಂಗ್

ಆಡಾಸಿಟಿ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಇನ್‌ಪುಟ್ ಎಂದಿರುವಲ್ಲಿ ಲ್ಯಾಪ್‌ಟಾಪಿನ ಮೈಕ್ ಬಿಟ್ಟು ಯುಎಸ್‌ಬಿ ಸಾಧನ ಆರಿಸಿ. ಇದನ್ನು ಮರೆತು, ಕೋಣೆಯ ಸದ್ದನ್ನೆಲ್ಲ ಒಂದು ಗಂಟೆ ಮುದ್ರಿಸಿಕೊಂಡವರನ್ನು ಬಲ್ಲೆ. ವಿಂಡೋಸ್‌ನಲ್ಲಿ ಮೈಕ್ರೊಫೋನಿನ ಎನ್‌ಹಾನ್ಸ್‌ಮೆಂಟ್ ಎಂಬುದನ್ನು ಆಫ್ ಮಾಡಿಬಿಡಿ. ಅದು ಸಂಗೀತವನ್ನು ಗದ್ದಲವೆಂದು ತಿಳಿದು ಅಳಿಸಲು ನೋಡುತ್ತದೆ.

ಮೊದಲು ತಟ್ಟೆಯ ಅತಿ ಜೋರಾದ ಭಾಗ ನುಡಿಸಿ ಮಟ್ಟ ನೋಡಿ. ಮೀಟರಿನ ಶಿಖರ -6 ಡೆಸಿಬೆಲ್ ಹತ್ತಿರ ಇರಲಿ. ಸೊನ್ನೆ ಮುಟ್ಟಿದರೆ ಸದ್ದು ಒಡೆಯುತ್ತದೆ, ಆಮೇಲೆ ಯಾವ ತಂತ್ರಾಂಶವೂ ಅದನ್ನು ಸರಿಮಾಡಲಾರದು. ಕಡಿಮೆಯಿದ್ದರೆ ನಂತರ ಏರಿಸಬಹುದು.

ಗುಂಯ್ ಎನ್ನುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ, ಅರ್ಧ ಪ್ರಕರಣಗಳು ಅಲ್ಲೇ ಮುಗಿಯುತ್ತವೆ. ಹೊರಗಿನ ಪ್ರಿಆಂಪ್ ಇದ್ದರೆ ಟರ್ನ್‌ಟೇಬಲ್ಲಿನ ಅರ್ಥ್ ತಂತಿಯನ್ನು ಅದರ ತಿರುಪಿಗೆ ಬಿಗಿಯಿರಿ. ಇನ್ವರ್ಟರಿನ ಮೇಲೆ ರೆಕಾರ್ಡಿಂಗ್ ಬೇಡ. ಫ್ಯಾನ್, ಫ್ರಿಜ್, ಪಂಪ್ ಸ್ವಿಚ್ ಆಗುವಾಗ ಒಂದು ಟಕ್ ಸದ್ದು ಸೇರಿಕೊಳ್ಳುವುದುಂಟು. ರಾತ್ರಿ ಊಟವಾದ ಮೇಲಿನ ಹೊತ್ತು ಇದಕ್ಕೆ ಒಳ್ಳೆಯದು. ಸ್ಪೀಕರ್ ಆಫ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿ.

ಒಂದು ಬದಿಯನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಮುದ್ರಿಸಿ. ಹಾಡು ಶುರುವಾಗುವ ಮೊದಲಿನ ಕೆಲವು ಸೆಕೆಂಡಿನ ಖಾಲಿ ಸದ್ದು ಬೇಕು, ಮುಂದೆ ಉಪಯೋಗಕ್ಕೆ ಬರುತ್ತದೆ.

ದಿನಕ್ಕೆ ಎರಡು ಎಲ್‌ಪಿ ಸಾಕು. ಇಪ್ಪತ್ತು ನಿಮಿಷದ ಬದಿ ಇಪ್ಪತ್ತು ನಿಮಿಷವೇ ತೆಗೆದುಕೊಳ್ಳುತ್ತದೆ, ಅದನ್ನು ಓಡಿಸಲಾಗದು.

ಹಂತ 9: ಶುದ್ಧಿ, ತುಂಡು, ಹೆಸರು

ಏನನ್ನೂ ಮುಟ್ಟುವ ಮೊದಲು ಇದ್ದ ಹಾಗೇ ಒಂದು ಪ್ರತಿಯನ್ನು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ಇದೇ ನಿಮ್ಮ ಮೂಲಪ್ರತಿ. ಫ್ಲ್ಯಾಕ್ ಎಂದರೆ ಗುಣ ಒಂದಿಷ್ಟೂ ಕಳೆಯದೆ ಗಾತ್ರ ಕಡಿಮೆ ಮಾಡುವ ವಿಧಾನ. ಎಂಪಿ3 ಹಾಗಲ್ಲ, ಅದು ಸದ್ದಿನ ಒಂದಷ್ಟನ್ನು ಎಸೆಯುತ್ತದೆ. ಮೊಬೈಲಿಗೆ ಎಂಪಿ3 ಮಾಡಿಕೊಳ್ಳಿ, ಆದರೆ ಅದೊಂದನ್ನೇ ಉಳಿಸಬೇಡಿ. 48 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ನಿಮಿಷಕ್ಕೆ ಸುಮಾರು 17 ಎಂಬಿ. ನೂರು ಎಲ್‌ಪಿಗೆ ಹೆಚ್ಚೆಂದರೆ 80 ಜಿಬಿ. ಇಂದಿನ ಹಾರ್ಡ್ ಡಿಸ್ಕಿಗೆ ಇದು ಯಾವ ಲೆಕ್ಕ?

78 ಮತ್ತು ಹಳೆಯ ಮೋನೋ ತಟ್ಟೆಗಳಿಗೆ ಒಂದು ಸುಲಭ ಉಪಾಯವಿದೆ. ಅವುಗಳಲ್ಲಿ ಹಾಡು ಇರುವುದು ಗ್ರೂವಿನ ಅಡ್ಡ ಅಲುಗಾಟದಲ್ಲಿ ಮಾತ್ರ. ಮೇಲೆ ಕೆಳಗೆ ಆಡುವುದೆಲ್ಲ ಗದ್ದಲ. ಎಡ ಬಲ ಚಾನೆಲ್ ಎರಡನ್ನೂ ಸೇರಿಸಿ ಮೋನೋ ಮಾಡಿದರೆ ಆ ಗದ್ದಲ ಪರಸ್ಪರ ಕಳೆದುಹೋಗುತ್ತದೆ. ಯಾವ ಶೋಧಕವೂ ಇಲ್ಲದೆ ಹಾಡು ಮುಂದೆ ಬರುತ್ತದೆ.

ಆಮೇಲೆ ಆಡಾಸಿಟಿಯ ಕ್ಲಿಕ್ ರಿಮೂವಲ್ (ಚಟಚಟ ತೆಗೆಯುವುದು) ಹಿತಮಿತವಾಗಿ. ನಾಯ್ಸ್ ರಿಡಕ್ಷನ್‌ಗೆ (ಸುಸು ತಗ್ಗಿಸುವುದು) ಮೊದಲಿನ ಆ ಖಾಲಿ ಸದ್ದಿನ ಮಾದರಿ ಕೊಡಿ, ಕೆಲವೇ ಡೆಸಿಬೆಲ್ ಇಳಿಸಿ ನಿಲ್ಲಿಸಿ. ಹೆಚ್ಚಾದರೆ ತಂಬೂರಿಯ ಝೇಂಕಾರವೂ ಗದ್ದಲವೆಂದು ಹೋಗಿಬಿಡುತ್ತದೆ, ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಚೂರು ಸುಸು ಇರಲಿ. ಕಿವಿ ಎರಡು ನಿಮಿಷದಲ್ಲಿ ಅದನ್ನು ಮರೆಯುತ್ತದೆ, ಕಳೆದುಹೋದ ಝೇಂಕಾರ ಮರಳುವುದಿಲ್ಲ.

ಎಲ್‌ಪಿಯ ಬದಿಯನ್ನು ಆಡಾಸಿಟಿಯಲ್ಲಿ ಹಾಡು ಶುರುವಾಗುವಲ್ಲೆಲ್ಲ ಗುರುತು ಹಾಕಿ ಹಾಡುಹಾಡಾಗಿ ತುಂಡು ಮಾಡಬಹುದು. ಹೆಸರಿಡುವಾಗ ಹಾಡು, ಚಿತ್ರ ಅಥವಾ ನಾಟಕ, ಹಾಡಿದವರು, ಕಂಪನಿ, ಲೇಬಲ್ಲಿನ ಮೇಲಿನ ಸಂಖ್ಯೆ, ಯಾವ ಬದಿ ಎಲ್ಲ ಬರೆಯಿರಿ, ಲೇಬಲ್ಲಿನ ಫೋಟೋ ತೆಗೆದಿಡಿ. ಲೇಬಲ್ಲಿನಲ್ಲಿ ಏನಿದೆಯೋ ಅದನ್ನೇ ಮೊದಲು ಬರೆಯಿರಿ, ನಿಮ್ಮ ತಿದ್ದುಪಡಿ ಆಮೇಲೆ. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಮೊದಲ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಅಂಥ ಹೆಸರನ್ನು ತಪ್ಪೆಂದು ಅಳಿಸಿದರೆ ಮುಂದೆ ಹುಡುಕುವವರಿಗೆ ಸುಳಿವೇ ಸಿಗದು. ಲೇಬಲ್ಲಿನ ಪಕ್ಕದ ಖಾಲಿ ಜಾಗದಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನೂ ಓರೆ ಬೆಳಕಿನಲ್ಲಿ ಓದಿ ಬರೆದುಕೊಳ್ಳಿ. ಮುದ್ರಣದ ಕಾಲ ಕಂಡುಹಿಡಿಯಲು ಸಂಗ್ರಾಹಕರು ಬಳಸುವುದು ಅದನ್ನೇ.

ಹಂತ 10: ಉಳಿಸುವುದು, ಹಂಚುವುದು

ಮೂಲಪ್ರತಿಯ ಕನಿಷ್ಠ ಎರಡು ನಕಲು ಬೇರೆ ಬೇರೆ ಡಿಸ್ಕಿನಲ್ಲಿರಲಿ, ಒಂದು ಬೇರೆ ಮನೆಯಲ್ಲಿರಲಿ. ಅಕ್ಕನ ಮನೆಯೋ, ತಮ್ಮನ ಮನೆಯೋ.

ಸ್ವಂತಕ್ಕೆ ಕೇಳಲು ಇಳಿಸಿಕೊಳ್ಳುವುದು ಬೇರೆ, ಎಲ್ಲರಿಗೂ ಕೇಳುವಂತೆ ಏರಿಸುವುದು ಬೇರೆ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ ಪ್ರಕಟವಾದ ವರ್ಷದ ನಂತರ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಪ್ರತ್ಯೇಕ, ಅದು ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ ನಡೆಯುತ್ತದೆ. ಏರಿಸುವ ಮುನ್ನ ಎರಡನ್ನೂ ನೋಡಿ.

ಇಳಿಸಿಯಾದ ಮೇಲೆ ತಟ್ಟೆಗಳನ್ನು ಮತ್ತೆ ಟ್ರಂಕಿಗೆ ಅಡ್ಡಡ್ಡ ಪೇರಿಸಬೇಡಿ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, 78ನ್ನು ಎಲ್‌ಪಿಯಿಂದ ಬೇರೆ ಇಡಿ, ಹೆಂಚು ಅಥವಾ ಶೀಟಿನ ಕೆಳಗಿನ ಅಟ್ಟದಿಂದ ಕೆಳಗಿಳಿಸಿ. ಟರ್ನ್‌ಟೇಬಲ್ ಪಕ್ಕದಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟು ಎಷ್ಟು ಗಂಟೆ ನುಡಿಸಿದಿರಿ ಎಂದು ಗುರುತು ಹಾಕಿಕೊಳ್ಳಿ. ಗುಂಡು ತುದಿಯ ಮುಳ್ಳಿಗೆ ಸುಮಾರು 500 ಗಂಟೆ, ಅಂಡಾಕಾರದ್ದಕ್ಕೆ ಸುಮಾರು 300 ಗಂಟೆ ಎಂದು ಆಡಿಯೋ-ಟೆಕ್ನಿಕಾ ಹೇಳುತ್ತದೆ. ಆ ಗಡಿ ಹತ್ತಿರ ಬಂದಾಗ, ಇನ್ನೂ ಚೆನ್ನಾಗಿಯೇ ಕೇಳುತ್ತಿದ್ದರೂ, ಮುಳ್ಳು ಬದಲಿಸಿ.